ಅಪ್ಪಾಜಿ ಬಂದೂಕಿನ ಲೈಸೆನ್ಸ್ ಮುಗಿಯೋಕೆ ಬಂತು, ಏನು ಮಾಡಬೇಕು?

ಚಿಂಚೋಳಿ ಹುಡುಗ:
ತೊಗರಿ ಹೊಲಕ್ಕೆ ಹಂದಿ ಕಾಟ ಅಂತ ಅಪ್ಪಾಜಿ ಜೋಡುನಳಿಗೆ ಬಂದೂಕು ತಗೊಂಡಿದ್ರು. ಲೈಸೆನ್ಸ್ ಇನ್ನು ಮೂರೇ ತಿಂಗಳು. ಎಲ್ಲಿ ಹೋಗಬೇಕು? ಅಮೆರಿಕದಲ್ಲಿರೋ ಹಾಗೆ ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಓಡಾಡೋಕೆ ಬೇರೆ ಪರ್ಮಿಟ್ ಇದೆಯಾ?

ಸೇಡಂ ರೋಡ್:
ಇಲ್ಲಿ ಅಂಥದ್ದೇನೂ ಇಲ್ಲ ರೀ, ಒಂದೇ ಲೈಸೆನ್ಸ್. ಎಲ್ಲೆಲ್ಲಿ ಒಯ್ಯಬಹುದು ಅನ್ನೋದು ಅದರಲ್ಲೇ ಬರೆದಿರುತ್ತೆ. ನೀವು ಚಿಂಚೋಳಿ ಕಡೆಯವರು, ಹಾಗಾಗಿ ಡಿಸಿ ಆಫೀಸು. ಕಲಬುರಗಿ ಸಿಟಿಯವರಿಗಾದ್ರೆ ಪೊಲೀಸ್ ಕಮಿಷನರ್. ಮುಗಿಯೋಕೆ 60 ದಿನ ಮೊದಲೇ ಅರ್ಜಿ ಹಾಕಿ. ಲೈಸೆನ್ಸ್ ಪುಸ್ತಕದಲ್ಲಿ ಯುಐಎನ್ ನಂಬರ್ (ಲೈಸೆನ್ಸ್ ಇರೋರಿಗೆ ಸರ್ಕಾರ ಕೊಡೋ ಗುರುತಿನ ಸಂಖ್ಯೆ) ಇದೆಯಾ ನೋಡಿ, ಇಲ್ಲದಿದ್ರೆ ಸುಮ್ನೆ ಅಲೆದಾಟ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ 5 ವರ್ಷಕ್ಕೆ ಕೊಡ್ತಾರೆ, ಮೊದಲು 3 ಇತ್ತು.

ಹಳೇ ನಳಿಗೆ:
ತಡ ಮಾತ್ರ ಮಾಡಬೇಡಿ. ನಾನು ಮಾಡಿ ಕೆಟ್ಟೆ, ಲೈಸೆನ್ಸ್ ಮುಗಿದ ಮೇಲೆ ಮನೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ ಅಂತ ಠಾಣೆಗೆ ಒಪ್ಪಿಸಬೇಕಾಯಿತು, ಅಲ್ಲಿ ಬಂದೂಕಿನ ಮೇಲಿನ ನಂಬರ್ ಕಾಣಲಿಲ್ಲ ಅಂತ ಸೀಮೆಎಣ್ಣೆ ಬಟ್ಟೆಯಿಂದ ತುಕ್ಕು ಉಜ್ಜಿಸಿದರು! ಠಾಣೆಗೆ ಒಪ್ಪಿಸಿದ್ರೆ ರಸೀದಿ ತಗೊಳ್ಳೋದು ಮರೀಬೇಡಿ. ಮತ್ತೆ, ಲೈಸೆನ್ಸ್ ಇದೆ ಅಂತ ಹಂದಿಗೆ ಗುಂಡು ಹೊಡೆಯೋ ಹಾಗಿಲ್ಲ, ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇರೆ ಬೇಕು.

ಚಿಂಚೋಳಿ ಹುಡುಗ:
ಹಂದಿ ವಿಷಯ ಗೊತ್ತೇ ಇರಲಿಲ್ಲ ಅಣ್ಣಾ. ಪುಸ್ತಕ ಹುಡುಕ್ತೀನಿ, ಟ್ರಂಕಿನಲ್ಲಿದೆ.