ಡಾಸ್ ಮಿಷಿನ್ನಲ್ಲಿ ಹಳೇ ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಲೆಕ್ಕ) ಫೈಲೊಳಗೆ ಹೆಸರು ಹುಡುಕೋದು ಹೆಂಗೆ? ಮಾಡಿರೋರು ಹೇಳಿ

ಮೂಡಿಗೆರೆ ಕಡೆಯವ:
ಕಾಫಿ ತೋಟದ ಲೆಕ್ಕ ಬರೆಯೋ ರೈಟ್ರು ಬಳಸ್ತಿದ್ದ ಹಳೇ 386 ಕಂಪ್ಯೂಟರ್ ಇನ್ನೂ ಆನ್ ಆಗುತ್ತೆ, ಡಾಸ್ 5. ಒಂದೇ ಡೈರೆಕ್ಟರೀಲಿ ರಾಶಿ ಫೈಲ್. ಒಬ್ರು ಹಳೇ ಆಳಿನ ಗ್ರಾಚುಯಿಟಿಗೆ ಯಾವ ವರ್ಷದಿಂದ ಇದ್ರು ಅಂತ ಬೇಕು, ವರ್ಷಕ್ಕೆ 15 ದಿನದ ಕೂಲಿ ಲೆಕ್ಕ ಅಲ್ವಾ. ಒಂದೊಂದೇ ತೆಗೆದು ನೋಡೋಕಾಗಲ್ಲ.

ಸಕಲೇಶಪುರ ರೈಟ್ರು:
ಡಾಸ್‌ನ ಫೈಂಡ್ ಕಮಾಂಡೇ ಸಾಕು ಕಣ್ರೀ. ನಾವು ಡಾಸ್ 3.3ರಲ್ಲೇ ತೋಟದ ಲೆಕ್ಕ ಪೂರ್ತಿ ಅದ್ರಲ್ಲೇ ತೆಗೀತಿದ್ವಿ, ಆಗ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡದ ಐ ಸ್ವಿಚ್ಚೂ ಇರ್ಲಿಲ್ಲ, ದೊಡ್ಡಕ್ಷರದಲ್ಲಿ ಟೈಪ್ ಮಾಡಿದ್ರೆ ದೊಡ್ಡಕ್ಷರದಲ್ಲೇ ಹುಡುಕ್ಬೇಕು, ಅದಕ್ಕೇ ನಾನು ಎಲ್ಲಾ ಹೆಸರೂ ಕ್ಯಾಪಿಟಲ್‌ನಲ್ಲೇ ಹೊಡೀತಿದ್ದೆ. ಫೈಂಡ್‌ಗೆ ಎಲ್ಲಾ ಫೈಲೂ ಅಂತ ಸ್ಟಾರ್ (*) ಹಾಕಿದ್ರೆ ತಗೊಳಲ್ಲ, ಒಂದೊಂದೇ ಫೈಲ್ ತಗೊಂಡು ಓಡಿಸೋ ಫಾರ್ ಲೂಪ್ ಒಳಗೆ ಹಾಕಿ. ಫಾರ್‌ನ ವೇರಿಯೇಬಲ್‌ಗೆ ಪ್ರಾಂಪ್ಟಲ್ಲಿ ಒಂದು ಪರ್ಸೆಂಟ್ ಗುರುತು, ಬ್ಯಾಚ್ ಫೈಲಲ್ಲಿ ಎರಡು. ಎನ್ ಹಾಕಿದ್ರೆ ಸಾಲಿನ ನಂಬರೂ ಬರುತ್ತೆ. ಸಾಹುಕಾರ್ರು ಕೇಳಿದ ತಕ್ಷಣ ಕೊಡ್ತಿದ್ದೆ.

ಚಿಕ್ಕಮಗಳೂರು ಟರ್ಬೋ:
ಇನ್ನೂ ಫೈಂಡಾ ಸ್ವಾಮಿ? ಟರ್ಬೋ ಸಿ ಕಂಪೈಲರ್ ಜೊತೆ ಗ್ರೆಪ್ ಅನ್ನೋ ಹುಡುಕೋ ಪ್ರೋಗ್ರಾಂ ಬರ್ತಿತ್ತು, ಫ್ಲಾಪೀಲಿ ಹಾಕ್ಕೊಂಡು ತಿರುಗ್ತಿದ್ದೆ. ಸ್ಟಾರೂ ತಗೊಳತ್ತೆ, ಡಿ ಕೊಟ್ರೆ ಒಳಗಿನ ಡೈರೆಕ್ಟರಿಗೂ ಇಳಿಯುತ್ತೆ. ನಿಮ್ಮ ಫಾರ್ ಲೂಪ್ ಇಳಿಯುತ್ತಾ?

ಸಕಲೇಶಪುರ ರೈಟ್ರು:
ಅವರು ಒಂದೇ ಡೈರೆಕ್ಟರಿ ಅಂದಿದಾರೆ, ಓದಿ.

ಬೇಲೂರಿನವ:
ಮಿಷಿನ್ ಆನ್ ಆಗುತ್ತಲ್ಲ, ನೀವೇ ಪುಣ್ಯವಂತ್ರು. ನಮ್ದು ಸೆಟ್ಟಿಂಗ್ ನೆನಪಿಡೋ ಸಿಮಾಸ್ ಬ್ಯಾಟರಿ ಸತ್ತು ಹಾರ್ಡ್‌ಡಿಸ್ಕ್ ಟೈಪ್ ಮರೆತೋಯ್ತು, ಸಿಲಿಂಡರ್ ಹೆಡ್ ಎಲ್ಲಾ ಕೈಯಲ್ಲಿ ತುಂಬ್ಬೇಕು, ಡಿಸ್ಕ್ ಮೇಲಿನ ಸ್ಟಿಕ್ಕರ್ ಬೇರೆ ಜಿರಲೆ ತಿಂದಿತ್ತು. ಸರಿ ಫ್ಲಾಪೀಲಿ ಬ್ಯಾಕಪ್ ಇದೆ ಅಂತ ತೆಗೆದ್ರೆ ಐದೂಕಾಲು ಇಂಚಿನವು, ಮಲೆನಾಡಿನ ಮಳೆಗೆ ಬಿಳೀ ಫಂಗಸ್. ಡ್ರೈವ್ ಬೆಂಗಳೂರು ಎಸ್.ಪಿ. ರೋಡಲ್ಲಿ 3,500, ಕೇಬಲ್ 400, ಸ್ಪಿರಿಟ್ಟು ಹತ್ತಿ 180 ಬಿತ್ತು ಆಗ. ಫಂಗಸ್ ಇರೋ ಒಂದನ್ನ ಒರೆಸದೆ ಹಾಕಿದ್ರೆ ಹೆಡ್ಡಿಗೆ ಮೆತ್ಕೊಂಡು ಮುಂದಿನದೂ ಗೀರು. ರಿಕವರಿ ಮಾಡ್ತೀವಿ ಅಂದೋರು 12,000 ಈಸ್ಕೊಂಡು ಸಿಡೀಲಿ ಖಾಲಿ ಫೋಲ್ಡರ್ ಕೊಟ್ರು. ಈಗ್ಲೂ ನೆನೆಸ್ಕೊಂಡ್ರೆ ಮೈ ಉರಿಯುತ್ತೆ.

ಹಾಸನ ಲೆಕ್ಕದವ:
ಫೈಲ್ ಡಿಬೇಸ್ ಅನ್ನೋ ಡೇಟಾಬೇಸ್ ಪ್ರೋಗ್ರಾಂದಾದ್ರೆ ಫೈಂಡ್ ಹೊಡೀಬೇಡಿ. ಅದ್ರಲ್ಲಿ ಸಾಲೇ ಮುರಿಯಲ್ಲ, ಒಂದು ಹೆಸರು ಸಿಕ್ರೆ ಇಡೀ ತೋಟದ ಆಳುಗಳೆಲ್ಲಾ ಸ್ಕ್ರೀನ್ ಮೇಲೆ ಓಡ್ತಾರೆ. ಡಿಬೇಸ್ ಒಳಗೆ ಲೊಕೇಟ್ ಕಮಾಂಡ್ ಹಾಕಿ, ನಾನು ಇವತ್ತಿಗೂ ಅದೇ ಜಾತಿಯ ಫಾಕ್ಸ್‌ಪ್ರೋ ಬಿಟ್ಟಿಲ್ಲ. ಇನ್ನು ವರ್ಡ್‌ಸ್ಟಾರ್ ಅನ್ನೋ ಹಳೇ ಟೈಪಿಂಗ್ ಪ್ರೋಗ್ರಾಂ ಆದ್ರೆ ಬೇರೆ ರಗಳೆ. ಪದದ ಕೊನೇ ಅಕ್ಷರದ ಎಂಟನೇ ಬಿಟ್ ಆನ್ ಮಾಡಿಟ್ಟಿರುತ್ತೆ, ಅಂದ್ರೆ ಅಕ್ಷರದ ಕೋಡೇ ಬದಲು, ಫೈಲ್ ತೋರಿಸೋ ಟೈಪ್ ಕಮಾಂಡಲ್ಲಿ ನೋಡಿದ್ರೆ ಸಣ್ಣ ಅಕ್ಷರದ್ದು ಗ್ರೀಕ್ ಥರ, ಕ್ಯಾಪಿಟಲ್‌ದು ಡಬ್ಬಿ ಗೆರೆ ಥರ ಕಾಣುತ್ತೆ. ರಂಗಮ್ಮ ಅಂತ ಪೂರ್ತಿ ಕೊಟ್ರೆ ಜನ್ಮದಲ್ಲಿ ಸಿಗಲ್ಲ, ಇಂಗ್ಲಿಷ್ ಸ್ಪೆಲಿಂಗಲ್ಲಿ ಕೊನೇ ‘ಎ’ ಬಿಟ್ಟು ಹುಡುಕಿ.

ಸಕಲೇಶಪುರ ರೈಟ್ರು:
ಚೆಕ್‌ರೋಲ್‌ನ ವರ್ಡ್‌ಸ್ಟಾರ್‌ನಲ್ಲಿ ಯಾರು ಬರೀತಾರ್ರೀ?

ಹಾಸನ ಲೆಕ್ಕದವ:
ಬರೆದಿದ್ದಾರೆ, ನಾನೇ ಕಣ್ಣಾರೆ ಕಂಡಿದೀನಿ, ಟ್ಯಾಬ್ ಕೊಟ್ಟು ಕೊಟ್ಟು. ಎಲ್ಲಾ ತೋಟದಲ್ಲೂ ನಿಮ್ಮಂಥ ಮೇಧಾವಿ ರೈಟ್ರು ಇರಲ್ಲ.

ಬೇಲೂರಿನವ:
ಫ್ಲಾಪಿಗೆ ರೈಟ್ ಪ್ರೊಟೆಕ್ಟ್ ಹಾಕಿ ಎ ಡ್ರೈವಲ್ಲೇ ನಿಂತು ಪುಟಪುಟವಾಗಿ ತೋರಿಸೋ ಮೋರ್‌ಗೆ ಪೈಪ್ ಹಾಕಿದ್ರೆ, ಟೆಂಪ್ ಬೇರೆ ಡ್ರೈವಿಗೆ ತೋರಿಸಿರದಿದ್ರೆ ಎರರ್ ಬರುತ್ತೆ, ಡಾಸ್ ಪೈಪಿಗೆ ಟೆಂಪರರಿ ಫೈಲ್ ಬರೀಬೇಕು, ಬರೆಯೋಕೆ ಜಾಗ ಇಲ್ಲ. ಅದನ್ನ ಯಾರೂ ಹೇಳಲ್ಲ. ನಮ್ದ್ರಲ್ಲಿ ಕಳೆದಿದ್ದು ಕಾಫಿ ಬೋರ್ಡಿಗೇ ಬೆಳೆ ಕೊಡ್ಬೇಕಿದ್ದ ಪೂಲ್ ಕಾಲದ, ದುಡ್ಡು ಎಣಿಸೋ ಪಾಯಿಂಟ್ ಲೆಕ್ಕ ಪೂರ್ತಿ.

ಚಿಕ್ಕಮಗಳೂರು ಟರ್ಬೋ:
ಹೋಗ್ಲಿ ಬಿಡಿ, ಪೂಲ್ ದುಡ್ಡು ಕಂತು ಕಂತಾಗಿ ಬರೋ ಹೊತ್ತಿಗೆ ಮುಂದಿನ ಕುಯ್ಲು ಬಂದಿರ್ತಿತ್ತು. 1996ರಲ್ಲಿ ಬೆಳೆ ಪೂರ್ತಿ ನಾವೇ ಮಾರೋಕೆ ಬಿಟ್ಟಿದ್ದೇ ಒಳ್ಳೇದಾಯ್ತು.

ಬೇಲೂರಿನವ:
ಒಳ್ಳೇದು ದೊಡ್ಡ ತೋಟದೋರಿಗೆ. 2001-02ರಲ್ಲಿ ಕಾಫಿ ರೇಟ್ ಪಾತಾಳಕ್ಕೆ ಬಿದ್ದಾಗ ಎರಡೆಕ್ರೆಯೋನು ಯಾರ ಬಾಗಿಲು ತಟ್ಟಿದ ಕೇಳಿ.

ಮೂಡಿಗೆರೆ ಕಡೆಯವ:
ಟೈಪ್ ಹಾಕಿ ನೋಡಿದೆ, ಡಬ್ಬಿ ಗೆರೆನೇ ಬರ್ತಿದೆ. ಲೆಕ್ಕದವರು ಹೇಳಿದಂಗೆ ಕೊನೇ ಅಕ್ಷರ ಬಿಟ್ಟು ಓಡಿಸ್ತಿದೀನಿ.

ಸಕಲೇಶಪುರ ರೈಟ್ರು:
ಓಡಿಸ್ತಿರೋದು ಫೈಂಡ್ ತಾನೆ?