ಹ್ಯಾರಿಸನ್ ಹೀರೋನಾ? ಮನೆ ಗುಂಪಿನಲ್ಲಿ ಒಂದು ರಾತ್ರಿಯ ಜಗಳ

*ಶ್ರೀಧರ ಚಿಕ್ಕಪ್ಪ:* (ಫಾರ್ವರ್ಡ್ ಮಾಡಿದ್ದು) 2081ನೇ ಇಸವಿ. ಎಲ್ಲರೂ ಸಮಾನರು! ಬುದ್ಧಿವಂತರ ಕಿವಿಗೆ ರೇಡಿಯೋ, ಬಲಶಾಲಿಗಳ ಕೊರಳಿಗೆ ಭಾರದ ಚೀಲ, ಸುಂದರಿಯರಿಗೆ ಮುಖವಾಡ. 14 ವರ್ಷದ ವೀರ ಬಾಲಕ ಎಲ್ಲವನ್ನೂ ಕಿತ್ತೆಸೆದ. ಸರ್ಕಾರ ಅವನನ್ನು ಗುಂಡಿಟ್ಟು ಕೊಂದಿತು. ಸಮಾನತೆ ಸಮಾನತೆ ಎಂದು ಕೂಗುವವರು ಓದಲೇಬೇಕಾದ ಕಥೆ. ಹತ್ತು ಜನಕ್ಕೆ ಕಳಿಸಿ.

*ಶ್ರೀಧರ ಚಿಕ್ಕಪ್ಪ:* ಎಲ್ಲರೂ ಓದಿ. ಮುಖ್ಯವಾಗಿ ವಸು.

*ವಸುಧಾ:* ಓದಿದ್ದೀನಿ ಚಿಕ್ಕಪ್ಪ. ಈ ಸಾರಾಂಶ ಅಲ್ಲ, ಪೂರ್ತಿ ಕಥೆ. ಅಮೆರಿಕದ ಲೇಖಕ ಕರ್ಟ್ ವೊನೆಗಟ್ ಅವರ ‘ಹ್ಯಾರಿಸನ್ ಬರ್ಗರಾನ್’, ಆ ಹುಡುಗನದೇ ಹೆಸರು, 1961ರಲ್ಲಿ ಅಚ್ಚಾಗಿದ್ದು. ಒಂದು ಸಲ ಕೂತ್ರೆ ಓದಿ ಮುಗಿಯುತ್ತೆ. ನಿಮಗೆ ಇದನ್ನ ಕಳಿಸಿದವರು ಹುಡುಗ ಕಿತ್ತೆಸೆದ, ಸತ್ತ ಅಂತ ಬರೆದು ಮಧ್ಯೆ ಅವನು ಏನಂದ ಅನ್ನೋದನ್ನೇ ನುಂಗಿಬಿಟ್ಟಿದ್ದಾರೆ.

*ಶ್ರೀಧರ ಚಿಕ್ಕಪ್ಪ:* ಏನಂದ ಅಂತೆ?

*ವಸುಧಾ:* ನಾನೇ ಚಕ್ರವರ್ತಿ, ನಾನು ಹೇಳಿದ್ದನ್ನ ಎಲ್ಲರೂ ಈಗಿಂದೀಗಲೇ ಮಾಡಬೇಕು, ಅಂತ. ಟಿವಿ ಸ್ಟುಡಿಯೋದಲ್ಲಿ ನಿಂತ್ಕೊಂಡು. ಸಂಗೀತಗಾರರು ಸರಿಯಾಗಿ ನುಡಿಸಲಿಲ್ಲ ಅಂತ ಇಬ್ಬರನ್ನ ಕುರ್ಚಿಯಿಂದ ಎತ್ತಿ ಕೋಲಿನ ಥರ ಬೀಸಿ, ವಾಪಸ್ ಕುಕ್ಕಿ ಕೂರಿಸ್ತಾನೆ. ಚೆನ್ನಾಗಿ ನುಡಿಸಿದ್ರೆ ನಿಮ್ಮನ್ನ ಡ್ಯೂಕ್ ಮಾಡ್ತೀನಿ, ಅರ್ಲ್ ಮಾಡ್ತೀನಿ ಅಂತ ಆಸೆ ಬೇರೆ. ಸರಪಳಿ ಬಿಚ್ಚಿದ ಮರುಗಳಿಗೆಗೇ ಸಾಮಂತರನ್ನ ಹುಟ್ಟಿಸೋಕೆ ಹೊರಟವನು ನಿಮಗೆ ವೀರ ಬಾಲಕನಾ?

*ಚಿನ್ಮಯ:* ಅಪ್ಪ, ಇದು ನಿಮಗೆ ಕಳಿಸಿದ ಫಾರ್ವರ್ಡ್‌ನಲ್ಲಿ ಇರಲಿಲ್ಲ ಅಲ್ವಾ 😀

*ಶ್ರೀಧರ ಚಿಕ್ಕಪ್ಪ:* ನೀನು ಸುಮ್ನಿರು. ವಸು, 14 ವರ್ಷದ ಹುಡುಗ ಕಣಮ್ಮ ಅವನು. ಮೈಮೇಲೆ ಮಣಗಟ್ಟಲೆ ಕಬ್ಬಿಣ ಹೇರಿ ಜೈಲಿಗೆ ಹಾಕಿದ್ರೆ ಹೊರಗೆ ಬಂದವನು ಹದವಾಗಿ ಮಾತಾಡ್ತಾನಾ? ಕಿರುಚ್ತಾನೆ. ಆಮೇಲೆ ಏನು ಮಾಡ್ದ ಅದನ್ನೂ ಹೇಳು. ಒಬ್ಬ ನರ್ತಕಿಯ ಮುಖವಾಡ ತೆಗೆದ, ಅವಳ ಜೊತೆ ಕುಣಿದ, ಇಬ್ಬರೂ ಮೂವತ್ತು ಅಡಿ ಎತ್ತರದ ಸೂರಿಗೆ ಮುತ್ತಿಡೋ ತನಕ ಹಾರಿದ್ರು. ನಾನೂ ಓದಿದ್ದೀನಿ, ಕಾಲೇಜಿನಲ್ಲಿ. ಅದು ಮರೆತಿಲ್ಲ.

*ವಸುಧಾ:* ಸರಿ, ಆ ಕುಣಿತ ಚೆನ್ನಾಗಿದೆ. ಒಪ್ಪಿದೆ. ಆದ್ರೆ ಬಂಡಾಯ ಅಂದ್ರೆ ನನಗೆ ಆ ಕಥೇಲಿ ಹ್ಯಾರಿಸನ್ ನೆನಪಾಗಲ್ಲ. ಅವನ ಅಮ್ಮ ಹೇಜಲ್ ನೆನಪಾಗ್ತಾಳೆ.

*ಕಮಲತ್ತೆ:* ಅಮ್ಮ ಏನು ಮಾಡ್ತಾಳೆ ಪುಟ್ಟಿ? ನಾನು ಓದಿಲ್ಲ ಈ ಕಥೆ.

*ವಸುಧಾ:* ಅತ್ತೆ, ಗಂಡ ಹೆಂಡತಿ ಟಿವಿ ನೋಡ್ತಾ ಕೂತಿರ್ತಾರೆ. ಗಂಡ ಜಾರ್ಜ್ ಬುದ್ಧಿವಂತ. ಅದಕ್ಕೇ ಅವನ ಕಿವೀಲಿ ಸರ್ಕಾರದ ರೇಡಿಯೋ. ಇಪ್ಪತ್ತು ಸೆಕೆಂಡಿಗೊಂದು ಸಲ ಏನಾದ್ರೂ ಕರ್ಕಶ ಸದ್ದು, ಯೋಚನೆ ಕತ್ತರಿಸಿ ಹಾಕೋಕೆ. ಕೊರಳಲ್ಲಿ ಬೀಗ ಹಾಕಿದ ಚೀಲ, 47 ಪೌಂಡು ಸೀಸದ ಗುಂಡು, ಅಂದ್ರೆ 21 ಕೆಜಿಗೂ ಮೇಲೆ. ಹೇಜಲ್‌ಗೆ ಸರಾಸರಿ ಬುದ್ಧಿ, ಹಾಗಾಗಿ ಅವಳಿಗೆ ಯಾವ ಹೊರೆಯೂ ಇಲ್ಲ. ಗಂಡ ದಣಿದಿದ್ದಾನೆ ಅಂತ ಅವಳೇ ಹೇಳ್ತಾಳೆ: ಚೀಲದ ತಳಕ್ಕೆ ಒಂದು ತೂತು ಮಾಡಿ ನಾಲ್ಕು ಗುಂಡು ತೆಗೆದಿಡೋಣ, ಮನೇಲಿ ಇರುವಾಗ ಮಾತ್ರ, ಯಾರಿಗೆ ಗೊತ್ತಾಗುತ್ತೆ?

*ಕಮಲತ್ತೆ:* ಪಾಪ. ಅವನೇನಂದ?

*ವಸುಧಾ:* ಬೇಡ ಅಂದ! ಒಂದೊಂದು ಗುಂಡಿಗೂ ಎರಡು ವರ್ಷ ಜೈಲು, ಎರಡು ಸಾವಿರ ಡಾಲರ್ ದಂಡ ಅಂದ. ಅದಾದ್ರೂ ಭಯ ಅನ್ನಬಹುದು. ಆಮೇಲೆ ಕಾನೂನನ್ನೇ ಸಮರ್ಥಿಸ್ತಾನೆ. ನಾನು ತಪ್ಪಿಸಿಕೊಂಡ್ರೆ ಇನ್ನೊಬ್ಬರೂ ತಪ್ಪಿಸಿಕೊಳ್ತಾರೆ, ಮತ್ತೆ ಎಲ್ಲರೂ ಎಲ್ಲರ ಜೊತೆ ಪೈಪೋಟಿಗೆ ಬೀಳೋ ಕತ್ತಲ ಕಾಲ ಬರುತ್ತೆ ಅಂತ. ಮನೇಲಿರೋ ಜಾಣನೇ ಕಾವಲುಗಾರ, ದಡ್ಡಿ ಅಂತ ಕರೆಸಿಕೊಂಡವಳೇ ಕಾನೂನು ಮುರಿಯೋಣ ಬಾ ಅನ್ನೋಳು. ಚಿಕ್ಕಪ್ಪ, ನಿಮ್ಮ ಸಾರಾಂಶದಲ್ಲಿ ಈ ಸೋಫಾ ಮೇಲಿನ ಮಾತುಕತೆ ಒಂದು ಸಾಲೂ ಇಲ್ಲ. ಕಥೆಯ ಅರ್ಧ ಅದೇ.

*ಶ್ರೀಧರ ಚಿಕ್ಕಪ್ಪ:* ಅದೂ ನನ್ನ ಮಾತನ್ನೇ ಹೇಳುತ್ತಲ್ಲಾ. ಸಮಾನತೆಯ ಹೆಸರಲ್ಲಿ ಜಾಣರನ್ನ ಗುಲಾಮರು ಮಾಡಿದ್ದಾರೆ, ಅವರು ಅದನ್ನ ಹೊಗಳೋ ಮಟ್ಟಕ್ಕೆ. ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜೇ ಈ ಕಥೇನ ತೀರ್ಪಲ್ಲಿ ಬಳಸಿದ್ದಾರಂತೆ. ಅವರೇನು ದಡ್ಡರಾ?

*ರಘು ಭಾವ:* ಮಾವ, ಈ ಕೇಸು ನನಗೆ ಗೊತ್ತು, ಅದಕ್ಕೇ ಬಾಯಿ ಹಾಕ್ತಿದ್ದೀನಿ. 2001ರದ್ದು. ಕೇಸಿ ಮಾರ್ಟಿನ್ ಅನ್ನೋ ಗಾಲ್ಫ್ ಆಟಗಾರ, ಬಲಗಾಲಲ್ಲಿ ರಕ್ತಸಂಚಾರದ ತೊಂದರೆ, ನಡೆಯೋದೇ ಯಾತನೆ. ಪಂದ್ಯದಲ್ಲಿ ಗಾಡಿ ಬಳಸೋಕೆ ಬಿಡಿ ಅಂದ್ರು. ಪಂದ್ಯ ನಡೆಸೋ ಪಿಜಿಎ ಟೂರ್ ಸಂಸ್ಥೆ ಒಪ್ಪಲಿಲ್ಲ. ಕೋರ್ಟು 7–2ರಲ್ಲಿ ಮಾರ್ಟಿನ್ ಪರ ತೀರ್ಪು ಕೊಡ್ತು. ವೊನೆಗಟ್ ಕಥೆ ಎತ್ತಿದ್ದು ಜಡ್ಜ್ ಸ್ಕಾಲಿಯಾ, ಭಿನ್ನಮತದ ತೀರ್ಪಲ್ಲಿ. ಅಂದ್ರೆ ಸೋತ ಕಡೆಯವರು.

*ರಘು ಭಾವ:* ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಕಥೇಲಿ ನೆಟ್ಟಗೆ ನಡೆಯೋನ ಮೇಲೆ ಭಾರ ಹೇರ್ತಾರೆ. ಇಲ್ಲಿ ನಡೆಯೋಕೆ ಆಗದವನಿಗೆ ಗಾಡಿ ಕೊಟ್ರು. ಬೇರೆ ಆಟಗಾರರ ಕಾಲಿಗೆ ಯಾರೂ ಕಲ್ಲು ಕಟ್ಟಲಿಲ್ಲ. ಎರಡನ್ನೂ ಒಂದೇ ತಕ್ಕಡೀಲಿ ಹೇಗೆ ತೂಗೋದು?

*ಶ್ರೀಧರ ಚಿಕ್ಕಪ್ಪ:* ಅಳಿಯಂದಿರೇ, ನಡೆದು ದಣಿಯೋದೂ ಆಟದ ಭಾಗ ಅಂತ ನಿಯಮ ಇದ್ರೆ, ಒಬ್ಬನಿಗೆ ಮಾತ್ರ ರಿಯಾಯಿತಿ ಯಾಕೆ? ಇವತ್ತು ಗಾಡಿ, ನಾಳೆ ಇನ್ನೇನೋ. ಎಲ್ಲಿ ಗೆರೆ ಎಳೀತೀರಿ? ಸ್ಕಾಲಿಯಾ ಕೇಳಿದ್ದು ಹೆಚ್ಚುಕಡಿಮೆ ಅದೇ ಅನ್ಸುತ್ತೆ ನನಗೆ.

*ರಘು ಭಾವ:* ಗೆರೆ ಎಳೆಯೋದು ಕಷ್ಟ, ಒಪ್ತೀನಿ ಮಾವ. ಆ ಕಷ್ಟಕ್ಕೆ ಉತ್ತರ ಈ ಕಥೇಲಿ ಇಲ್ಲ ಅಂತಷ್ಟೇ ನನ್ನ ಮಾತು.

*ವಸುಧಾ:* ಅಮೆರಿಕದ ಕ್ಯಾನ್ಸಸ್ ರಾಜ್ಯದ್ದೂ ಹೇಳಿ ಭಾವ. 2005ರಲ್ಲಿ ಅಲ್ಲಿ ಶಾಲೆಗಳ ಅನುದಾನದ ಕೇಸು ನಡೀವಾಗ, ಉಳ್ಳವರ ಕಡೆಯ ವಕೀಲರು ಇದೇ ಕಥೇನ ಮುಂದಿಟ್ರು. ವೊನೆಗಟ್ ಆಗ ಇನ್ನೂ ಬದುಕಿದ್ರು. ನನ್ನ ಕಥೆ ಬುದ್ಧಿ, ಪ್ರತಿಭೆಯ ಬಗ್ಗೆ, ಹಣ ಇರೋದು ಎರಡಕ್ಕೂ ಪುರಾವೆ ಅಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ರು. ಬರೆದವರೇ ಹಾಗಂದ ಮೇಲೂ ಫಾರ್ವರ್ಡ್ ನಿಂತಿಲ್ಲ ನೋಡಿ.

*ಶ್ರೀಧರ ಚಿಕ್ಕಪ್ಪ:* ಬರೆದವನು ಏನಾದ್ರೂ ಅಂದ್ಕೊಳ್ಳಲಿ. ಅಚ್ಚಾದ ಮೇಲೆ ಕಥೆ ಓದುಗನದು. ನೀನೇ ಹೇಳ್ತಿದ್ದೆಯಲ್ಲ ಹೋದ ಸಲ?

*ಚಿನ್ಮಯ:* ಅಕ್ಕ, ಸಿಕ್ಕಿಹಾಕಿಕೊಂಡೆ 😂

*ವಸುಧಾ:* ಓದುಗನದು ಸರಿ. ಆದ್ರೆ ಓದಿದವನದು. ಸಾರಾಂಶ ಓದಿದವನದಲ್ಲ.

*ವಸುಧಾ:* ಇನ್ನೊಂದು ವಿಷಯ. ಈ ಕಥೆಗೆ ಎರಡು ವರ್ಷ ಮುಂಚೆ, 1959ರಲ್ಲಿ, ವೊನೆಗಟ್ ‘ದಿ ಸೈರನ್ಸ್ ಆಫ್ ಟೈಟನ್’ ಅನ್ನೋ ಕಾದಂಬರೀಲೂ ಜನರ ಮೈಗೆ ಭಾರ ಕಟ್ಟಿದ್ರು. ಅಲ್ಲಿ ಪೊಲೀಸ್ ಇಲ್ಲ, ದಂಡ ಇಲ್ಲ. ಹೊಸ ಧರ್ಮ ಅಂತ ಜನ ತಾವಾಗಿ ಖುಷಿಯಿಂದ ಹೊರ್ತಾರೆ. ನನಗೆ ಇದಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿದ್ದು. ಹೊರೆಯನ್ನೇ ಪುಣ್ಯ ಅಂದುಕೊಂಡವರ ಮುಂದೆ ಹ್ಯಾರಿಸನ್ ಬಂದು ಏನನ್ನ ಕಿತ್ತೆಸೀತಾನೆ?

*ಶ್ರೀಧರ ಚಿಕ್ಕಪ್ಪ:* ಇದನ್ನ ಮೊದಲೇ ಹೇಳಬಾರದಿತ್ತಾ. ಇದು ಜಾರ್ಜ್ ಮಾತಿಗೂ ಕೂಡಿಕೊಳ್ಳುತ್ತೆ. ಆ ಪುಸ್ತಕ ಇದೆಯಾ ನಿನ್ನ ಹತ್ರ?

*ವಸುಧಾ:* ಇದೆ. ಕೊಡ್ತೀನಿ.

*ಕಮಲತ್ತೆ:* ಈಗ ಮೊಬೈಲಲ್ಲೇ ಹುಡುಕಿ ಕಥೆ ಓದಿ ಮುಗಿಸಿದೆ. ಮಗ ಸತ್ತಿದ್ದನ್ನ ಟಿವೀಲಿ ನೋಡಿ ಹೇಜಲ್ ಅಳ್ತಾಳೆ, ಅತ್ತಿದ್ದು ಯಾಕೆ ಅನ್ನೋದೇ ಅವಳಿಗೆ ಮರೆತುಹೋಗುತ್ತಲ್ಲ. ಗಂಡನೂ ಆ ಹೊತ್ತಿಗೆ ಅಡುಗೆಮನೆಗೆ ಹೋಗಿದ್ದ. ಬಂದವನು ದುಃಖದ ವಿಷಯ ಮರೆತುಬಿಡು ಅಂತಾನೆ. ಕರುಳು ಕಿವುಚಿದ ಹಾಗಾಯ್ತು. ನೀವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ.

*ಶ್ರೀಧರ ಚಿಕ್ಕಪ್ಪ:* ಹೌದು ಅಕ್ಕ.

*ಕಮಲತ್ತೆ:* ಮತ್ತೆ ಆ ಡಯಾನಾ, ಗುಂಡು ಹಾರಿಸೋ ಅಧಿಕಾರಿ. ಎರಡೇ ಸಲ ಹಾರಿಸ್ತಾಳೆ. ನೆಲಕ್ಕೆ ಬೀಳೋದರೊಳಗೆ ಹ್ಯಾರಿಸನ್, ನರ್ತಕಿ ಇಬ್ಬರದೂ ಪ್ರಾಣ ಹೋಗಿರುತ್ತೆ. ಎಲ್ಲರೂ ಸಮಾನರಾದ ದೇಶದಲ್ಲಿ ಅಷ್ಟು ಗುರಿ ಇರೋಳ ಕೈಗೆ ಯಾಕೆ ಭಾರ ಕಟ್ಟಿಲ್ಲ?

*ಚಿನ್ಮಯ:* ಅತ್ತೆ 🔥

*ಶ್ರೀಧರ ಚಿಕ್ಕಪ್ಪ:* ನೋಡಿದ್ಯಾ ವಸು. ಕೊನೆಗೆ ಸಮಾನತೆ ಅಂದ್ರೆ ಬಂದೂಕು ಹಿಡಿದವರನ್ನ ಬಿಟ್ಟು ಉಳಿದವರಿಗೆ.

*ವಸುಧಾ:* ಅಷ್ಟು ಸಲೀಸಲ್ಲ ಚಿಕ್ಕಪ್ಪ. ಹೇಜಲ್‌ಗೂ ಡಯಾನಾಗೂ ತುಂಬಾ ಹೋಲಿಕೆ ಇತ್ತು ಅಂತ ಕಥೇಲೇ ಒಂದು ವಾಕ್ಯ ಇದೆ. ಅಂದ್ರೆ ಡಯಾನಾನೂ ಸರಾಸರಿ ಹೆಂಗಸೇ ಇರಬಹುದು, ಕಟ್ಟೋಕೆ ಏನೂ ಇಲ್ಲದೇ ಇರಬಹುದು.

*ಕಮಲತ್ತೆ:* ಆ ವಾಕ್ಯ ನಾನೂ ಓದಿದೆ. ಸರಾಸರಿ ಹೆಂಗಸಿನ ಗುರಿ ಹಾಗಿರಲ್ಲ ಬಿಡು.