ಕಾಂಡಕೋಶ ಕಸಿಯ ನಂತರ ಚರ್ಮ ಗಟ್ಟಿಯಾಗುತ್ತಿದೆ: ಬೇಸಿನ್ ಕೆಲಸ ಬಿಡಲೇಬೇಕೇ?

ಬಿಚ್ಚಣಿಕೆದಾರ, ಶಿಡ್ಲಘಟ್ಟ:

ನಾನು ರೇಷ್ಮೆ ನೂಲು ಬಿಚ್ಚುವವನು. ತಂದೆಯ ಕಾಲದ ಸಣ್ಣ ಘಟಕ, ನಾಲ್ಕು ಬೇಸಿನ್, ಅಂದರೆ ಗೂಡನ್ನು ಬಿಸಿನೀರಿನಲ್ಲಿಟ್ಟು ನೂಲು ತೆಗೆಯುವ ತೊಟ್ಟಿ. ಎರಡು ವರ್ಷಗಳ ಹಿಂದೆ ರಕ್ತದ ಕ್ಯಾನ್ಸರ್ ಎಂದು ಬೆಂಗಳೂರಿನಲ್ಲಿ ಕಾಂಡಕೋಶ (ರಕ್ತ ಹುಟ್ಟಿಸುವ ಮೂಲಕೋಶ) ಕಸಿ ಮಾಡಿದರು. ಕೊಟ್ಟವಳು ನನ್ನ ದೊಡ್ಡಕ್ಕ. ಹೊಂದಾಣಿಕೆ ಪೂರ್ತಿ ಇದೆ ಎಂದಿದ್ದರು. ನನ್ನ ರಕ್ತದ ಗುಂಪು ಬಿ ಇದ್ದದ್ದು ಈಗ ಅವಳದ್ದೇ ಒ ಆಗಿದೆ. ಮನೆಯಲ್ಲಿ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು.

ಈ ಯುಗಾದಿಯ ಹೊತ್ತಿಗೆ ಮುಂಗೈ ಊದಿಕೊಂಡಿತು, ತುರಿಕೆ ಬಂತು. ಊತ ಇಳಿದ ಮೇಲೆ ಚರ್ಮ ಬಿಗಿಯಾಗುತ್ತಾ ಹೋಯಿತು. ಈಗ ಮುಟ್ಟಿದರೆ ಬೇಯಿಸದ ರೇಷ್ಮೆಗೂಡಿನಂತೆ ಗಟ್ಟಿ. ಚಿವುಟಿ ಎತ್ತಲು ಬರುವುದಿಲ್ಲ. ಮಾರುಕಟ್ಟೆಯಲ್ಲಿ ಜಾಲರಿಗೆ ಕೈ ಹಾಕಿ ಗೂಡನ್ನು ಅಮುಕಿ ನೋಡದೆ ನಾನು ಎಂದೂ ಬೆಲೆ ಕೂಗಿದವನಲ್ಲ. ಈಗ ಬೆರಳು ಪೂರ್ತಿ ಮಡಿಸಲಾಗುವುದಿಲ್ಲ. ಮದುವೆ ಮನೆಯಲ್ಲಿ ನೆಲದ ಪಂಕ್ತಿಗೆ ಕೂರಲಾಗುವುದಿಲ್ಲ. ಎಲ್ಲರೂ ಕೆಳಗೆ, ನಾನೊಬ್ಬ ಕುರ್ಚಿಯಲ್ಲಿ, ಯಾವುದೋ ಮಂತ್ರಿಯ ಹಾಗೆ.

ಇದು ದೀರ್ಘಕಾಲದ ಜಿವಿಎಚ್‌ಡಿ, ಅಂದರೆ ಕಸಿಯಲ್ಲಿ ಬಂದ ಕಣಗಳು ನನ್ನ ಮೈಮೇಲೆಯೇ ತಿರುಗಿಬೀಳುವ ಕಾಯಿಲೆ, ಅದರಲ್ಲಿ ಚರ್ಮ ಗಟ್ಟಿಯಾಗುವ ಬಗೆ ಎಂದು ವೈದ್ಯರು ಹೇಳಿದ್ದಾರೆ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಸಕ್ಕರೆ ಏರಿತು, ಮುಖ ದಪ್ಪವಾಯಿತು, ಚರ್ಮ ಮಾತ್ರ ಜಗ್ಗಲಿಲ್ಲ. ಮುಂದೆ ರುಕ್ಸೊಲಿಟಿನಿಬ್ ಎಂಬ ಬೇರೆ ಮಾತ್ರೆ ಎನ್ನುತ್ತಿದ್ದಾರೆ. ಬೇಸಿನ್ನಿನ ಬಿಸಿನೀರಿನಲ್ಲಿ ಕೈ ಇಡಬಹುದೇ? ಬೀದಿಯವರೆಲ್ಲ ಅಮೃತಬಳ್ಳಿ ಕಷಾಯ ಕುಡಿ, ರೋಗನಿರೋಧಕ ಶಕ್ತಿ ಬರುತ್ತದೆ ಎನ್ನುತ್ತಾರೆ, ಕುಡಿಯಲೇ? ಇನ್ನೊಂದಿದೆ. ಯಾರೋ ಬಂಧುಗಳು ಅಕ್ಕನಿಗೆ "ನಿನ್ನ ರಕ್ತ ಅವನಿಗೆ ಒಗ್ಗಲಿಲ್ಲ" ಎಂದುಬಿಟ್ಟಿದ್ದಾರೆ. ಅವಳು ಈಗ ಫೋನಿನಲ್ಲಿ ಸರಿಯಾಗಿ ಮಾತನಾಡುವುದಿಲ್ಲ. ಅವಳಿಗೆ ಏನು ಹೇಳಲಿ?

ಚಿಂತಾಮಣಿಯ ಓದುಗ:

ಬೆಚ್ಚಗಿನ ಎಳ್ಳೆಣ್ಣೆ ಹಾಕಿ ಚೆನ್ನಾಗಿ ತಿಕ್ಕಿಸಿ, ಆಮೇಲೆ ಬೆಳಗಿನ ಎಳೆಬಿಸಿಲಿಗೆ ಕೂರಿ. ನಮ್ಮ ಮಾವನವರ ಕೀಲು ಹಿಡಿತ ಹಾಗೆಯೇ ಹೋಯಿತು. ಕಷಾಯದಿಂದ ತೊಂದರೆ ಏನೂ ಇಲ್ಲ, ಕುಡಿಯಿರಿ.

ಚರ್ಮರೋಗ ವೈದ್ಯೆ, ತುಮಕೂರು:

ಚಿಂತಾಮಣಿಯವರೇ, ನಿಮ್ಮ ಮಾವನವರ ಕಾಯಿಲೆ ಬೇರೆ, ಇದು ಬೇರೆ. ಇವರಿಗೆ ಬಿಸಿಲೇ ಶತ್ರು. ಸೂರ್ಯನ ಅತಿನೇರಳೆ ಕಿರಣ ತಗುಲಿ ಅಡಗಿದ್ದ ಜಿವಿಎಚ್‌ಡಿ ಮತ್ತೆ ಕೆರಳಬಹುದು. ತುಂಬುತೋಳಿನ ಅಂಗಿ, ಟೋಪಿ, ಸನ್‌ಸ್ಕ್ರೀನ್ ಬೇಕು. ಎಣ್ಣೆಯನ್ನು ಮೃದುವಾಗಿ ಸವರಿಕೊಳ್ಳಲು ಅಡ್ಡಿಯಿಲ್ಲ. ತಿಕ್ಕಿ ಸಿಪ್ಪೆ ಏಳಿಸಿದರೆ ಆ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ.

ಶಿಡ್ಲಘಟ್ಟದವರೇ, ಅಮೃತಬಳ್ಳಿ ಬೇಡ. ನಿಮಗೆ ರೋಗನಿರೋಧಕ ಶಕ್ತಿ ಕಡಿಮೆಯಾಗಿ ಚರ್ಮ ಗಟ್ಟಿಯಾಗಿಲ್ಲ. ಅಕ್ಕನಿಂದ ಬಂದ ಬಿಳಿ ರಕ್ತಕಣಗಳು ನಿಮ್ಮ ಚರ್ಮವನ್ನು ಪರಕೀಯವೆಂದು ತಿಳಿದು ದಾಳಿ ಮಾಡುತ್ತಿವೆ. ಆ ಉರಿಯೂತದ ಬೆನ್ನಿಗೆ ಚರ್ಮದಲ್ಲಿಯೂ, ಸ್ನಾಯುಗಳ ಮೇಲಿನ ಪೊರೆಯಲ್ಲಿಯೂ ಕೊಲ್ಲಾಜನ್ ನಾರು ಬೆಳೆದು ಬಿಗಿಯುತ್ತದೆ. ಅಂಥ ಸೈನ್ಯಕ್ಕೆ ಇನ್ನಷ್ಟು ಹುರುಪು ತುಂಬುವುದು ಯಾರಿಗೆ ಬೇಕಾಗಿದೆ? ಅದಲ್ಲದೆ ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಿಂದಲೇ ವರದಿಯಾಗಿವೆ. ಈ ಕಾಯಿಲೆ ಯಕೃತ್ತನ್ನೂ ಹಿಡಿಯಬಲ್ಲದು. ಆಗ ಕಾರಣ ಯಾವುದೆಂದು ಬಿಡಿಸುವುದೇ ಕಷ್ಟ.

ಬೇಸಿನ್ ಕೆಲಸ ಸದ್ಯಕ್ಕೆ ಬೇಡ. ಗಟ್ಟಿ ಚರ್ಮ ಬಿರುಕು ಬಿಡುತ್ತದೆ, ಹುಳು ಬೆಂದ ನೀರು ಸ್ವಚ್ಛವಲ್ಲ, ನೀವು ತೆಗೆದುಕೊಳ್ಳುತ್ತಿರುವ ಮಾತ್ರೆ ಸೋಂಕಿಗೆ ಬಾಗಿಲು ತೆರೆದಿಡುತ್ತದೆ.

ರುಕ್ಸೊಲಿಟಿನಿಬ್ ಬಗ್ಗೆ ಹೆದರಬೇಡಿ. ಸ್ಟಿರಾಯ್ಡ್ ಸಾಲದ ದೀರ್ಘಕಾಲದ ಜಿವಿಎಚ್‌ಡಿಗೆ ಅಮೆರಿಕದ ಔಷಧ ನಿಯಂತ್ರಕರು 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. ಅದೇ ವರ್ಷ ಬೆಲುಮೊಸುಡಿಲ್ ಎಂಬ ಇನ್ನೊಂದಕ್ಕೂ ಒಪ್ಪಿಗೆ ಸಿಕ್ಕಿತು. ರುಕ್ಸೊಲಿಟಿನಿಬ್ ತೆಗೆದುಕೊಳ್ಳುವಾಗ ರಕ್ತಕಣಗಳ ಎಣಿಕೆ ಇಳಿಯಬಹುದು, ಆಗಾಗ ಪರೀಕ್ಷೆ ಬೇಕು. ಶಿಲೀಂಧ್ರಕ್ಕೆ ಫ್ಲುಕೊನಜೋಲ್ ಬಗೆಯ ಮಾತ್ರೆ ನಡೆಯುತ್ತಿದ್ದರೆ ಮೊದಲೇ ತಿಳಿಸಿ. ಎರಡೂ ಸೇರಿದರೆ ಪ್ರಮಾಣ ಬದಲಿಸಬೇಕಾಗುತ್ತದೆ. ನಾರು ಕರಗುವುದು ನಿಧಾನ. ಮೊದಲ ಕೆಲವು ತಿಂಗಳು ಬಿಗಿತ ಹೆಚ್ಚದಿದ್ದರೆ ಅದನ್ನೂ ಲಾಭದ ಖಾತೆಗೆ ಬರೆಯಿರಿ.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಎರಡೂ ಅಂಗೈ ಜೋಡಿಸಿ ನಮಸ್ಕಾರ ಮಾಡಿ, ಮೊಣಕೈಗಳನ್ನು ಪಕ್ಕಕ್ಕೆ ಎತ್ತಿ. ಅಂಗೈ ನಡುವೆ ಎಷ್ಟು ಸಂದು ಉಳಿಯುತ್ತದೆ? ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು ವೈದ್ಯರಿಗೆ ತೋರಿಸಿ. ನಾವು ಆಸ್ಪತ್ರೆಯಲ್ಲಿ ನೋಡುವುದೂ ಹಾಗೆಯೇ. ಏದುಸಿರು ಅಥವಾ ಒಣಕೆಮ್ಮು ಬಂದರೆ ಎದೆಯ ಚರ್ಮದ ಬಿಗಿತ ಎಂದು ಸುಮ್ಮನಿರಬೇಡಿ. ಶ್ವಾಸಕೋಶದ ಸಣ್ಣ ಗಾಳಿನಾಳಗಳನ್ನೂ ಈ ಕಾಯಿಲೆ ಮುಚ್ಚಬಲ್ಲದು. ಕೊಳವೆಗೆ ಊದಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ನಿಮ್ಮ ಅಕ್ಕ. ಕಸಿಗೆ ಮೊದಲು ಹೊಂದಾಣಿಕೆ ನೋಡುವಾಗ ಜೀವಕೋಶಗಳ ಮೇಲಿನ ಮುಖ್ಯ ಗುರುತುಗಳನ್ನಷ್ಟೇ ನೋಡುತ್ತಾರೆ. ಸಣ್ಣ ಗುರುತುಗಳು ಒಡಹುಟ್ಟಿದವರಲ್ಲಿಯೂ ಬೇರೆಯಿರುತ್ತವೆ. ಹೆಣ್ಣಿನಿಂದ ಗಂಡಿಗೆ ಕಸಿ ಮಾಡಿದಾಗ ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮಿನ ಪ್ರೋಟೀನುಗಳು ಅಕ್ಕನ ಕಣಗಳಿಗೆ ಅಪರಿಚಿತ. ಅವರ ರಕ್ತದಲ್ಲಿ ದೋಷವಿಲ್ಲ. ಕ್ಯಾನ್ಸರ್ ಮರಳದಂತೆ ಕಾಯುತ್ತಿರುವುದೂ ಅದೇ ಕಣಗಳೇ. ದೀರ್ಘಕಾಲದ ಜಿವಿಎಚ್‌ಡಿ ಇರುವವರಲ್ಲಿ ರಕ್ತದ ಕ್ಯಾನ್ಸರ್ ಮರುಕಳಿಸುವುದು ಕಡಿಮೆ. ಇಷ್ಟನ್ನು ಹೇಳಿ. ಆ ಬಂಧುಗಳಿಗೂ ಹೇಳಿ, ಸ್ವಲ್ಪ ಜೋರಾಗಿಯೇ.

ಕೆಜಿಎಫ್ ನಿವಾಸಿ:

ನನ್ನದೂ ಇದೇ ಕಥೆ, ಕೊಟ್ಟವನು ತಮ್ಮ. ನನಗೆ ಮಾತ್ರೆಯ ಜೊತೆ ಬೆಳಕಿನ ಚಿಕಿತ್ಸೆಯನ್ನೂ ಮಾಡುತ್ತಾರೆ: ರಕ್ತ ಹೊರಗೆ ತೆಗೆದು, ಬಿಳಿ ಕಣಗಳನ್ನು ಬೇರ್ಪಡಿಸಿ, ಔಷಧ ಬೆರೆಸಿ, ಅತಿನೇರಳೆ ಬೆಳಕು ಹಾಯಿಸಿ ಮತ್ತೆ ಒಳಗೆ ಬಿಡುತ್ತಾರೆ. ಬಿಸಿಲು ಬೇಡ ಎಂದವರೇ ಯಂತ್ರದೊಳಗೆ ರಕ್ತಕ್ಕೆ ಬಿಸಿಲು ಕಾಯಿಸುತ್ತಾರೆ! ಸೋಂಕಿನ ಭಯ ಇದರಲ್ಲಿ ಕಡಿಮೆ. ಆದರೆ ಆ ದಿನ ಬೇರೆ ಕೆಲಸದ ಆಸೆ ಬೇಡ. ನಾನು ಬೆಳಗಿನ ರೈಲಿಗೆ ಹೋದರೆ ಮನೆ ಸೇರುವುದು ಕತ್ತಲಾದ ಮೇಲೆ.

ಬೆರಳು, ಮಣಿಕಟ್ಟು ಎಳೆಯುವ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಬೇಡಿ ಅಣ್ಣ. ರಾತ್ರಿ ಕೈಗೆ ಆಸರೆ ಪಟ್ಟಿ ಕಟ್ಟಿಕೊಂಡು ಮಲಗುತ್ತೇನೆ. ಈಗ ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ.

ಬಿಚ್ಚಣಿಕೆದಾರ, ಶಿಡ್ಲಘಟ್ಟ:

ಮೇಡಂ, ನೀವು ಬರೆದದ್ದನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. "ಹಾಗಾದರೆ ನಿನ್ನೊಳಗೆ ಕುಳಿತು ನಾನೇ ಕಾವಲು ಕಾಯುತ್ತಿದ್ದೇನೆ ಅನ್ನು" ಎಂದಳು. ಆಮೇಲೆ ಎಂದಿನಂತೆ ಮಾತ್ರೆ ನುಂಗಿದೆಯಾ ಎಂದು ಗದರಿದಳು. ನಮಸ್ಕಾರದ ಫೋಟೊ ತೆಗೆದಿದ್ದೇನೆ. ಸಂದಿನಲ್ಲಿ ಒಂದು ಗೂಡು ಆರಾಮವಾಗಿ ಕೂರುತ್ತದೆ. ಬೇಸಿನ್‌ಗೆ ಆಳು ಇಟ್ಟಿದ್ದೇನೆ. ಕೆಜಿಎಫ್‌ನವರೇ, ಆ ಆಸರೆ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆಯೇ?

ಕೆಜಿಎಫ್ ನಿವಾಸಿ:

ಅಂಗಡಿಯದ್ದು ಬೇಡ. ಫಿಸಿಯೋಥೆರಪಿ ವಿಭಾಗದಲ್ಲಿ ಕೈಯ ಅಳತೆ ತೆಗೆದು ಮಾಡಿಕೊಡುತ್ತಾರೆ. ಒಳಗೆ ಹತ್ತಿಬಟ್ಟೆ ಹಾಕಿಕೊಳ್ಳಿ, ಇಲ್ಲದಿದ್ದರೆ ಅಂಚು ಉಜ್ಜಿ ಗಾಯವಾಗುತ್ತದೆ.